ಗಾಳಿ ಹಿಡಿದ ಸುತ್ತಿಗೆ

“ತಿರುಗುತ್ತೆ ಅಣ್ಣಾ, ಹೊಡೀತಿಲ್ಲ.”

ಡ್ರಿಲ್ ಮಷೀನ್ ರಿಪೇರಿ ಅಂಗಡಿಗಳಲ್ಲಿ ಪದೇ ಪದೇ ಕೇಳಿಬರುವ ದೂರು ಇದು. ಸಿಮೆಂಟ್ ಚೀಲದಲ್ಲಿ ಸುತ್ತಿ ತಂದ, ಮೈಯೆಲ್ಲ ಬೂದಿ ಬಳಿದುಕೊಂಡಂತಿರುವ ಯಂತ್ರವನ್ನು ಪ್ಲಂಬರನೊಬ್ಬ ಮೇಜಿನ ಮೇಲಿಡುತ್ತಾನೆ. ಮೋಟರಿಗೆ ಏನೂ ಆಗಿಲ್ಲ, ಬಿಟ್ ಗಿರಗಿರ ತಿರುಗುತ್ತದೆ. ಆದರೆ ಕಾಂಕ್ರೀಟಿಗೆ ಇಟ್ಟರೆ ಹೊಗೆ ಬರುತ್ತದೆಯೇ ಹೊರತು ತೂತು ಇಳಿಯುವುದಿಲ್ಲ. ಮೆಕ್ಯಾನಿಕ್ ಮೂತಿಯ ಕಡೆಯ ಸ್ಕ್ರೂಗಳನ್ನು ಬಿಚ್ಚಿ, ಕಪ್ಪಗಾದ ಗ್ರೀಸನ್ನು ಹಳೇ ಬನಿಯನ್ನಿನಲ್ಲಿ ಒರೆಸಿ, ಒಳಗಿನ ಕೊಳವೆಯನ್ನು ಅಂಗೈ ಮೇಲೆ ಬೋರಲು ಹಾಕುತ್ತಾನೆ. ಹೆಬ್ಬೆರಳಿನಷ್ಟು ದೊಡ್ಡ ಉಕ್ಕಿನ ತುಂಡೊಂದು ಜಾರಿ ಬೀಳುತ್ತದೆ. ಅದಕ್ಕೆ ಸ್ಪ್ರಿಂಗ್ ಇಲ್ಲ, ಕಡ್ಡಿಯಿಲ್ಲ, ಯಾವುದರ ಜೊತೆಗೂ ಜೋಡಣೆಯಿಲ್ಲ. ಇಡೀ ಯಂತ್ರಕ್ಕೆ ಹೆಸರು ತಂದುಕೊಟ್ಟ ಸುತ್ತಿಗೆ ಅದೇ. ಅದರ ಸೊಂಟಕ್ಕೆ ಹಾಕಿದ್ದ ರಬ್ಬರ್ ಉಂಗುರ ಸವೆದು ಚಪ್ಪಟೆಯಾಗಿರುತ್ತದೆ. ಒಂದು ಊಟದ ದುಡ್ಡೂ ಆಗದ ಆ ಉಂಗುರವನ್ನು ಬದಲಿಸಿದರೆ ಯಂತ್ರ ಮತ್ತೆ ಮೊದಲಿನ ಹಾಗೆ ಹೊಡೆಯತೊಡಗುತ್ತದೆ.

‘ಗಾಳಿ ಹಿಡಿದಿದೆ’ ಎಂದರೆ ನಮ್ಮಲ್ಲಿ ಬೇರೆಯೇ ಅರ್ಥ. ಈ ಯಂತ್ರದ ಮಟ್ಟಿಗೆ ಮಾತ್ರ ಅದು ಅಕ್ಷರಶಃ ನಿಜ. ಮೋಟರಿಗೂ ಸುತ್ತಿಗೆಗೂ ನಡುವೆ ಲೋಹದ ಕೊಂಡಿಯೇ ಇಲ್ಲ. ಇರುವುದು ಕೊಳವೆಯೊಳಗೆ ಸಿಕ್ಕಿಬಿದ್ದ ಒಂದಿಷ್ಟು ಗಾಳಿ. ಆ ಗಾಳಿಯನ್ನು ಸೋರದಂತೆ ಕಾಯುವುದು ಒಂದು ರಬ್ಬರ್ ಉಂಗುರ ಮತ್ತು ತೆಳ್ಳಗಿನ ಗ್ರೀಸ್ ಪದರ. ನೋಡಲು ಒರಟು, ಕೆಲಸವೂ ಒರಟು, ಒಳಗಿನ ಏರ್ಪಾಡು ಮಾತ್ರ ನಾಜೂಕು. ಇದನ್ನು ಕೆಡಿಸುವವರು ಸಾಮಾನ್ಯವಾಗಿ ಕೆಡಿಸುವುದು ಹೊರಗಿನ ಒರಟುತನವನ್ನು ನಂಬಿ, ಮೈಭಾರವನ್ನೆಲ್ಲ ಹಾಕಿ ಒತ್ತುವುದರಿಂದ.

ಮೊದಲು ಒಂದು ಗೊಂದಲ ಬಿಡಿಸಬೇಕು. ಅಂಗಡಿಗೆ ಹೋಗಿ ‘ಹ್ಯಾಮರ್ ಡ್ರಿಲ್ ಕೊಡಿ’ ಎಂದರೆ ಎರಡು ಬೇರೆ ಬೇರೆ ಜಾತಿಯ ಯಂತ್ರಗಳನ್ನು ಮುಂದಿಡುತ್ತಾರೆ. ಒಂದು, ಮನೆಗಳಲ್ಲಿ ಕಾಣುವ ಇಂಪ್ಯಾಕ್ಟ್ ಡ್ರಿಲ್. ಮೂತಿಯಲ್ಲಿ ಮೂರು ದವಡೆಯ ಚಕ್, ಮೇಲೆ ಸುತ್ತಿಗೆಯ ಚಿತ್ರವಿರುವ ಗುಂಡಿ. ಇನ್ನೊಂದು ಕಟ್ಟಡ ಕೆಲಸದವರ ರೋಟರಿ ಹ್ಯಾಮರ್. ಇದರಲ್ಲಿ ಚಕ್ ಇಲ್ಲ, ಬಿಟ್‌ನ ಬುಡವನ್ನು ಹಾಗೇ ಒಳಗೆ ಒತ್ತಿದರೆ ‘ಟಕ್’ ಎಂದು ಕೂರುತ್ತದೆ. ಎರಡೂ ಹೊಡೆಯುತ್ತವೆ ನಿಜ, ಆದರೆ ಹೊಡೆಯುವ ರೀತಿಯಲ್ಲಿ ಜೀರುಂಡೆಗೂ ಮರಕುಟಿಗಕ್ಕೂ ಇರುವಷ್ಟು ಅಂತರವಿದೆ.

ಇಂಪ್ಯಾಕ್ಟ್ ಡ್ರಿಲ್ ಜೀರುಂಡೆ. ಅದರೊಳಗೆ ಎದುರುಬದುರಾಗಿ ಎರಡು ಹಲ್ಲಿನ ಬಿಲ್ಲೆಗಳಿವೆ: ಒಂದು ಅಲುಗದೆ ನಿಂತಿರುತ್ತದೆ, ಮತ್ತೊಂದು ಬಿಟ್ ಜೊತೆ ತಿರುಗುತ್ತದೆ. ಗೋಡೆಗೆ ಒತ್ತಿದಾಗ ತಿರುಗುವ ಬಿಲ್ಲೆಯ ಹಲ್ಲು ನಿಂತ ಬಿಲ್ಲೆಯ ಹಲ್ಲನ್ನು ಹತ್ತಿ ಇಳಿಯುತ್ತದೆ, ಹತ್ತಿ ಇಳಿಯುತ್ತದೆ. ಕಲ್ಲು ಹಾಸಿದ ದಾರಿಯಲ್ಲಿ ಸೈಕಲ್ ಬಿಟ್ಟ ಹಾಗೆ. 13 ಮಿ.ಮೀ. ಚಕ್‌ನ ಒಂದು ಸಾಮಾನ್ಯ ಮಾದರಿಯ ಮೈಮೇಲೆ ನಿಮಿಷಕ್ಕೆ 2800 ಸುತ್ತು, 44,800 ಹೊಡೆತ ಎಂದು ಬರೆದಿರುತ್ತದೆ. ಭಾಗಿಸಿ ನೋಡಿದರೆ ಪ್ರತಿ ಸುತ್ತಿನಲ್ಲೂ ಸರಿಯಾಗಿ 16 ಹೊಡೆತ. ಒಳಗಿನ ಬಿಲ್ಲೆಯ ಲೆಕ್ಕ ಯಂತ್ರ ಬಿಚ್ಚದೆಯೇ ಸಿಕ್ಕಿಬಿಟ್ಟಿತು! ಹೊಡೆತದ ಸಂಖ್ಯೆ ನೋಡಿ ಬೆರಗಾಗುವ ಅಗತ್ಯವಿಲ್ಲ, ಒಂದೊಂದೂ ಚಿಟಿಕೆಯಷ್ಟೇ. ಅಷ್ಟಕ್ಕೂ ಅದರ ಬಲ ಬರುವುದು ಹಿಡಿದವನ ತೋಳಿನಿಂದ. ಒತ್ತಿದಷ್ಟೇ ಪೆಟ್ಟು. ಇಟ್ಟಿಗೆಗೆ ಅದು ಸಾಕು, ಹಳೆಯ ಗಟ್ಟಿ ಕಾಂಕ್ರೀಟಿಗೆ ಸಾಲದು.

ರೋಟರಿ ಹ್ಯಾಮರ್ ಮರಕುಟಿಗ. ಕಾಂಕ್ರೀಟಿನಲ್ಲಿ 26 ಮಿ.ಮೀ.ವರೆಗಿನ ತೂತು ಹೊಡೆಯಬಲ್ಲ, ಕೈಯಲ್ಲಿ ಹಿಡಿಯಲು ಮೂರು ಕಿಲೋ ಒಳಗೇ ಇರುವ ಒಂದು ಜನಪ್ರಿಯ ಮಾದರಿ ನಿಮಿಷಕ್ಕೆ 4000 ಸಲ ಮಾತ್ರ ಹೊಡೆಯುತ್ತದೆ, ಅಂದರೆ ಇಂಪ್ಯಾಕ್ಟ್ ಡ್ರಿಲ್‌ನ ಹನ್ನೊಂದನೇ ಒಂದು ಭಾಗಕ್ಕೂ ಕಡಿಮೆ. ಆದರೆ ಒಂದೊಂದು ಹೊಡೆತದ ಶಕ್ತಿ 2.7 ಜೂಲ್. ಒಂದು ಕಿಲೋ ಸಕ್ಕರೆ ಪೊಟ್ಟಣವನ್ನು ಗೇಣಿಗಿಂತ ತುಸು ಮೇಲಿನಿಂದ, ಸುಮಾರು 27 ಸೆಂ.ಮೀ. ಎತ್ತರದಿಂದ ಬೀಳಿಸಿದರೆ ಎಷ್ಟೋ ಅಷ್ಟು. ಸಣ್ಣದಲ್ಲವೇ ಎನ್ನಿಸಬಹುದು. ಆ ಪೊಟ್ಟಣ ಸೆಕೆಂಡಿಗೆ 66 ಸಲ, ಕಡಲೆಕಾಳಿನಷ್ಟು ಜಾಗದ ಮೇಲೆ ಬೀಳುತ್ತಿದೆ ಎಂದು ಊಹಿಸಿಕೊಂಡರೆ ಕಾಂಕ್ರೀಟಿನ ಕಷ್ಟ ಅರ್ಥವಾಗುತ್ತದೆ.

ಹೊಡೆ, ತಿರುಗಿಸು, ಹೊಡೆ. ಈ ಲಯ ಯಂತ್ರ ಕಂಡುಹಿಡಿದದ್ದಲ್ಲ. ಬಂಡೆ ಸೀಳುವ ಕಲ್ಲುಕುಟಿಗರು ಬೆಣೆ ಕೂರಿಸಲು ಸಾಲಾಗಿ ತೂತು ತೋಡುವಾಗ ಮಾಡುವುದೂ ಇದನ್ನೇ. ಚಾಣವನ್ನು ನೆಟ್ಟಗೆ ಹಿಡಿದು ಸುತ್ತಿಗೆಯಿಂದ ಒಂದು ಪೆಟ್ಟು, ಚಾಣವನ್ನು ತುಸು ತಿರುವಿ ಇನ್ನೊಂದು. ತಿರುವದೆ ಹೊಡೆದರೆ ಚಾಣ ಅದೇ ಗೀರಿನಲ್ಲಿ ಕಚ್ಚಿಕೊಂಡು ಕೂರುತ್ತದೆ. ತಿರುವಿದರೆ ಪ್ರತಿ ಸಲ ಹೊಸ ಜಾಗದಲ್ಲಿ ಚಕ್ಕೆ ಏಳುತ್ತದೆ. ಬೆಂಗಳೂರು, ಕೋಲಾರ ಸೀಮೆಯ ಹಳೆಯ ಮನೆಗಳ ಕಲ್ಲುಚಪ್ಪಡಿಗಳ ಅಂಚಿನಲ್ಲಿ ಇಂದಿಗೂ ಸಾಲಾಗಿ ಕಾಣುವ ಅರ್ಧ ತೂತುಗಳು ಆ ಪೆಟ್ಟುಗಳ ಗುರುತೇ. ನಿಮಿಷಕ್ಕೆ 900 ಸುತ್ತು, 4000 ಹೊಡೆತ ಇರುವ ಯಂತ್ರದಲ್ಲಿ ಖಾಲಿ ಓಟದ ಲೆಕ್ಕ ಹಾಕಿದರೆ, ಒಂದು ಹೊಡೆತದಿಂದ ಮತ್ತೊಂದಕ್ಕೆ ಬಿಟ್ ಸುಮಾರು 81 ಡಿಗ್ರಿ ತಿರುಗಿರುತ್ತದೆ. ಕಾಂಕ್ರೀಟನ್ನು ಒಡೆಯುವುದು ಪೆಟ್ಟು. ತಿರುಗುವುದರ ಕೆಲಸ ಜಾಗ ಬದಲಿಸುವುದು ಮತ್ತು ಪುಡಿಯನ್ನು ಹೊರಕ್ಕೆ ತಳ್ಳುವುದು, ಅಷ್ಟೇ.

ಕಲ್ಲುಕುಟಿಗನ ತೋಳಿನ ಜಾಗಕ್ಕೆ ಗಾಳಿ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಫ್ರಾನ್ಸ್–ಇಟಲಿ ನಡುವೆ ಆಲ್ಪ್ಸ್ ಪರ್ವತದ ಕೆಳಗೆ ರೈಲು ಸುರಂಗ ಕೊರೆಯುವಾಗ ಎಂಜಿನಿಯರ್ ಜೆರ್ಮೈನ್ ಸೊಮೆಯೇ 1861ರಲ್ಲಿ ಒತ್ತಿದ ಗಾಳಿಯಿಂದ ಓಡುವ ಡ್ರಿಲ್‌ಗಳನ್ನು ಒಳಗಿಳಿಸಿದ. 1871ರಲ್ಲಿ ಸುರಂಗ ತೆರೆಯಿತು. ಆ ಕಾಲದ ಗಾಳಿ ಡ್ರಿಲ್‌ಗಳಲ್ಲಿ ಸಲಾಕೆ ಪಿಸ್ಟನ್ನಿಗೇ ಅಂಟಿಕೊಂಡಿರುತ್ತಿತ್ತು, ಎರಡೂ ಒಟ್ಟಿಗೆ ಮುಂದೆ ಹಿಂದೆ ಓಡುತ್ತಿದ್ದವು. ಶತಮಾನದ ಕೊನೆಯಲ್ಲಿ ಅಮೆರಿಕದ ಡೆನ್ವರ್‌ನ ಜಾರ್ಜ್ ಲೇನರ್ ಇವೆರಡನ್ನೂ ಬೇರೆ ಮಾಡಿದ. ಸಲಾಕೆ ಬಂಡೆಗೆ ತಾಗಿ ನಿಲ್ಲಲಿ, ಪಿಸ್ಟನ್ ಸುತ್ತಿಗೆಯ ಹಾಗೆ ಬಂದು ಅದರ ಬೆನ್ನಿಗೆ ಬಡಿಯಲಿ ಎಂಬುದು ಅವನ ಉಪಾಯ. ಇಂದಿನ ಹ್ಯಾಮರ್‌ಗಳೆಲ್ಲ ಆ ಬೇರ್ಪಡಿಕೆಯ ಸಂತಾನ. ಲೇನರ್‌ನ ಕತೆಗೆ ಇನ್ನೊಂದು ಮುಖವಿದೆ, ಅದು ಮುಂದೆ ಬರುತ್ತದೆ.

ಗಾಳಿ ಡ್ರಿಲ್‌ಗೆ ಒಂದು ತೊಡಕಿತ್ತು. ಕಂಪ್ರೆಸರ್ ಎಲ್ಲೋ, ಡ್ರಿಲ್ ಇನ್ನೆಲ್ಲೋ, ನಡುವೆ ಉದ್ದನೆಯ ಕೊಳವೆ. ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದಿದ್ದರೂ ಆಳದಲ್ಲಿ ಬಂಡೆ ಕೊರೆಯಲು ಒತ್ತಿದ ಗಾಳಿಯೇ ಬೇಕಿತ್ತು. ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ಹುಟ್ಟಿ ಆಗಲೇ ಕೆಲವು ವರ್ಷವಾಗಿತ್ತು. ಜರ್ಮನಿಯ ಸ್ಟುಟ್‌ಗಾರ್ಟ್‌ನ ಫೈನ್ ಕಂಪನಿ 1895ರಲ್ಲಿ ಮಾಡಿದ ಆ ಯಂತ್ರ ಏಳೂವರೆ ಕಿಲೋ ತೂಗುತ್ತಿತ್ತು. ಅದು ತಿರುಗುತ್ತಿತ್ತು, ಹೊಡೆಯುತ್ತಿರಲಿಲ್ಲ. ಅಮೆರಿಕದಲ್ಲಿ ಬ್ಲ್ಯಾಕ್ ಮತ್ತು ಡೆಕರ್ ಎಂಬ ಇಬ್ಬರು ಗೆಳೆಯರು ಅದಕ್ಕೆ ಪಿಸ್ತೂಲಿನ ಹಿಡಿ, ಬೆರಳಿಗೆ ಸಿಗುವ ಕುದುರೆ ಜೋಡಿಸಿ 1917ರಲ್ಲಿ ಪೇಟೆಂಟ್ ಪಡೆದರು. ಹೊಡೆತ ಮಾತ್ರ ಇನ್ನೂ ಹೆಚ್ಚಾಗಿ ಗಾಳಿ ಕೊಳವೆಯವರ ಸ್ವತ್ತಾಗಿತ್ತು. 1932ರಲ್ಲಿ ಬಾಷ್ ಕಂಪನಿ ಹೊರತಂದ ‘ಬಾಷ್ ಹ್ಯಾಮರ್’ ಕಂಪ್ರೆಸರನ್ನೇ ಯಂತ್ರದ ಹೊಟ್ಟೆಯೊಳಗೆ ಸೇರಿಸಿತು. ತನಗೆ ಬೇಕಾದ ಗಾಳಿಯನ್ನು ತಾನೇ ಒತ್ತಿಕೊಳ್ಳುವ, ಪ್ಲಗ್ ಚುಚ್ಚಿದರೆ ಸಾಕೆನ್ನುವ ಯಂತ್ರ. ಇಂದು ಹೆಗಲ ಚೀಲದಲ್ಲಿ ಓಡಾಡುವ ಹ್ಯಾಮರ್‌ಗಳೊಳಗೂ ಇರುವುದು ಅದೇ ತತ್ವ.

ಮಲೆನಾಡಿನಲ್ಲಿ ಬೆಳೆದವರಿಗೆ ಈ ತತ್ವ ವಿವರಿಸುವುದು ಸುಲಭ. ಬಿದಿರಿನ ಸಣ್ಣ ಅಂಡೆಯ ತುದಿಗೆ ಒಂದು ಕಾಯಿ ಗಿಡಿದು, ಹಿಂದಿನಿಂದ ಇನ್ನೊಂದು ಕಾಯಿಯನ್ನು ಕಡ್ಡಿಯಿಂದ ತಳ್ಳಿದರೆ ‘ಫಟ್’ ಎಂದು ಮುಂದಿನ ಕಾಯಿ ಹಾರುತ್ತದಲ್ಲ, ಆ ಪೆಟ್ಲು. ಹಿಂದಿನ ಕಾಯಿ ಮುಂದಿನದನ್ನು ಮುಟ್ಟುವುದೇ ಇಲ್ಲ, ನಡುವಿನ ಗಾಳಿ ಬಿಗಿದು ಬಿಗಿದು ಕೊನೆಗೆ ಅದನ್ನು ಒದೆಯುತ್ತದೆ. ಹ್ಯಾಮರ್ ಎಂದರೆ ಸೆಕೆಂಡಿಗೆ 66 ಸಲ ಹಾರಿಸಿ, ಅಷ್ಟೇ ಸಲ ಕಾಯಿಯನ್ನು ವಾಪಸ್ ಎಳೆದುಕೊಳ್ಳುವ ಪೆಟ್ಲು.

ಎಳೆದುಕೊಳ್ಳುವುದೇ ಅದರ ಜಾಣತನ. ಒಳಗಿರುವುದು ಅಡುಗೆಮನೆಯ ಮಿಕ್ಸಿಯಲ್ಲಿರುವಂಥದೇ ಮೋಟರ್: ಕಾರ್ಬನ್ ಬ್ರಷ್, ಆರ್ಮೇಚರ್, ಕಿವಿ ಕೊರೆಯುವ ವೇಗ. ಅದರ ಓಟವನ್ನು ಗೇರ್‌ಗಳು ತಗ್ಗಿಸಿ ಒಂದು ಅಡ್ಡದಂಡಕ್ಕೆ ಕೊಡುತ್ತವೆ. ದಂಡದ ಮೇಲೆ ಬೇಕೆಂದೇ ಓರೆಯಾಗಿ ಕೂರಿಸಿದ ಬೇರಿಂಗ್ ಒಂದಿದೆ. ದಂಡ ತಿರುಗಿದಂತೆ ಅದು ಕುಡಿದವನ ತಲೆಯಂತೆ ಆ ಕಡೆ ಈ ಕಡೆ ಓಲಾಡುತ್ತದೆ. ಅದಕ್ಕೆ ಅಂಟಿದ ಬೆರಳೊಂದು ಪಿಸ್ಟನ್ನನ್ನು ಮುಂದೆ ಹಿಂದೆ ಆಡಿಸುತ್ತದೆ. ದೊಡ್ಡ ಯಂತ್ರಗಳಲ್ಲಿ ಈ ಕೆಲಸಕ್ಕೆ ಬೈಕ್ ಎಂಜಿನ್ನಿನಲ್ಲಿರುವಂಥ ಕ್ರ್ಯಾಂಕ್ ಇರುತ್ತದೆ. ಪಿಸ್ಟನ್ ಮುಂದೆ, ನಡುವೆ ಗಾಳಿ, ಅದರಾಚೆ ಬಿಡಿಯಾದ ಆ ಉಕ್ಕಿನ ತುಂಡು, ಸ್ಟ್ರೈಕರ್. ಪಿಸ್ಟನ್ ಮುನ್ನುಗ್ಗಿದಾಗ ಗಾಳಿ ಬಿಗಿದು ಸ್ಟ್ರೈಕರನ್ನು ಎಸೆಯುತ್ತದೆ. ಅದು ಇಂಪ್ಯಾಕ್ಟ್ ಬೋಲ್ಟ್ ಎಂಬ ಗಿಡ್ಡ ಗೂಟಕ್ಕೆ ಬಡಿಯುತ್ತದೆ, ಗೂಟ ಬಿಟ್‌ನ ಬೆನ್ನಿಗೆ. ಪಿಸ್ಟನ್ ಹಿಂದೆ ಸರಿದಾಗ ನಡುವಿನ ಗಾಳಿ ತೆಳುವಾಗಿ, ಸಿರಿಂಜಿನಲ್ಲಿ ಔಷಧ ಎಳೆದಂತೆ ಸ್ಟ್ರೈಕರ್ ಹಿಂದಕ್ಕೆ ಬರುತ್ತದೆ. ಕಾಂಕ್ರೀಟಿನಿಂದ ಪುಟಿದ ಪೆಟ್ಟೂ ಅದನ್ನು ಹಿಂದೆ ತಳ್ಳಲು ನೆರವಾಗುತ್ತದೆ. ಉಂಗುರ ಸವೆದು ಗಾಳಿ ಪಕ್ಕದಿಂದ ನುಸುಳಿದರೆ ಈ ಎಳೆ–ಎಸೆ ಎರಡೂ ನಿಂತುಹೋಗಿ, ಪಿಸ್ಟನ್ ತನ್ನ ಪಾಡಿಗೆ ಓಡುತ್ತಿರುತ್ತದೆ, ಸ್ಟ್ರೈಕರ್ ಮಲಗಿರುತ್ತದೆ. ‘ತಿರುಗುತ್ತೆ, ಹೊಡೀತಿಲ್ಲ’ ಎಂಬ ದೂರಿನ ಒಳಗುಟ್ಟು ಇದು.

ಹೊಸದಾಗಿ ಕೊಂಡವರು ಇದೇ ದೂರನ್ನು ತಪ್ಪಾಗಿ ಹೇಳುವುದೂ ಉಂಟು. ಬಿಟ್ ಹಾಕಿ, ಗಾಳಿಯಲ್ಲಿ ಎತ್ತಿ ಹಿಡಿದು ಸ್ವಿಚ್ ಒತ್ತಿ, ಹೊಡೆಯುತ್ತಿಲ್ಲವೆಂದು ಅಂಗಡಿಗೆ ಓಡುತ್ತಾರೆ. ಹೊಡೆಯಬಾರದು ಕೂಡ. ಬಿಟ್ ಗೋಡೆಗೆ ತಾಗದಿದ್ದಾಗ ಸ್ಟ್ರೈಕರ್ ಮುಂದಕ್ಕೆ ಜಾರಿ, ಸಿಲಿಂಡರಿನ ಪಕ್ಕದ ಸಣ್ಣ ಕಿಂಡಿ ತೆರೆದುಕೊಳ್ಳುತ್ತದೆ, ಒತ್ತಡ ಅಲ್ಲಿಂದ ಸೋರಿಹೋಗುತ್ತದೆ. ಎದುರಿಗೆ ಕಲ್ಲಿಲ್ಲದೆ ಹೊಡೆದರೆ ಯಂತ್ರ ತನ್ನ ಮೂತಿಯನ್ನೇ ಒಡೆದುಕೊಳ್ಳುತ್ತದೆ, ಅದಕ್ಕೇ ಈ ಏರ್ಪಾಡು. ಬಿಟ್ಟನ್ನು ಗೋಡೆಗೆ ಇಟ್ಟು ತುಸು ಒತ್ತಿದರೆ ಸ್ಟ್ರೈಕರ್ ಹಿಂದೆ ಸರಿದು ಕಿಂಡಿ ಮುಚ್ಚುತ್ತದೆ, ಬಡಿತ ಶುರುವಾಗುತ್ತದೆ.

ಬಿಟ್ ತನ್ನ ಜಾಗ ಬಿಡದಂತೆ ಕೂತಿರಲು ಎಷ್ಟು ಬೇಕೋ ಅಷ್ಟು ಒತ್ತಿದರೆ ಸಾಕು. ಇಂಪ್ಯಾಕ್ಟ್ ಡ್ರಿಲ್‌ನಲ್ಲಿ ಒತ್ತಿದಷ್ಟೂ ಪೆಟ್ಟು ಹೆಚ್ಚು. ರೋಟರಿ ಹ್ಯಾಮರ್‌ನಲ್ಲಿ ಪೆಟ್ಟು ಗಾಳಿಯದು. ಅದಕ್ಕೆ ತೋಳಿನ ಶಿಫಾರಸು ಬೇಕಿಲ್ಲ. ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ತಂದವರು ಬಿಟ್ ತಿರುಗದಂತೆ ಅದುಮಿ ಮೋಟರ್ ಸುಡುತ್ತಾರೆ. ಎದೆ ಆನಿಸಿ ನೂಕುವವರಂತೂ ಅಪಾಯವನ್ನು ಎದೆಗೇ ಕರೆದುಕೊಂಡಂತೆ.

ಈಗ ಗ್ರೀಸಿನ ವಿಷಯ. ಈ ಯಂತ್ರಕ್ಕೆ ಆಗುವ ಹಿಂಸೆಯ ಇನ್ನೊಂದು ದೊಡ್ಡ ಪಾಲು ಗ್ರೀಸಿನ ಹೆಸರಿನಲ್ಲಿ ಆಗುವುದು.

ಗ್ರೀಸ್ ಎಂದರೆ ಎಣ್ಣೆ ಕುಡಿದ ಸಾಬೂನು. ಮಾತಿಗಲ್ಲ, ನಿಜವಾಗಿ. ಲಿಥಿಯಂ ಗ್ರೀಸ್‌ನಲ್ಲಿ ಲಿಥಿಯಂನಿಂದ ಮಾಡಿದ ಸಾಬೂನಿನ ಎಳೆಗಳು ಸ್ಪಂಜಿನ ಹಾಗೆ ಎಣ್ಣೆಯನ್ನು ಹಿಡಿದಿಟ್ಟುಕೊಂಡು, ಉಜ್ಜಿದ ಕಡೆ ಒಂದಿಷ್ಟು ಒಸರುತ್ತವೆ. ಅಮೆರಿಕದ ಕ್ಲಾರೆನ್ಸ್ ಅರ್ಲ್ 1942ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಸಾಬೂನಿನ ಜಾತಿ ಬೇರೆಯಾದರೆ ಎಷ್ಟೋ ಸಲ ಗ್ರೀಸುಗಳು ಪರಸ್ಪರ ಹೊಂದುವುದಿಲ್ಲ: ಎರಡು ಒಳ್ಳೆಯ ಗ್ರೀಸ್ ಬೆರೆಸಿದಾಗ ಎಣ್ಣೆ ಬಿಟ್ಟುಕೊಂಡು ನೀರಾಗುವುದುಂಟು. ಹಾಗಾಗಿ ಇದ್ದುದರ ಮೇಲೆ ಸಿಕ್ಕಿದ್ದನ್ನು ತುಂಬುವ ಬದಲು, ಹಳೆಯದನ್ನು ಪೂರ್ತಿ ಒರೆಸಿ ತೆಗೆದು ಕಂಪನಿ ಹೇಳಿದ್ದನ್ನು ಹಾಕುವುದು ಕ್ಷೇಮ. ಲಾರಿ ಬೇರಿಂಗಿನ ಗಟ್ಟಿ ಗ್ರೀಸ್ ಇಲ್ಲಿಗೆ ಹೇಳಿದ್ದಲ್ಲ; ಬಡಿಯುವ ಭಾಗಕ್ಕೆ ಬೇಕಾದದ್ದು ಸಾಮಾನ್ಯವಾಗಿ ಅದಕ್ಕಿಂತ ಮೆದುವಾದದ್ದು, ರಬ್ಬರ್ ಉಂಗುರವನ್ನು ಉಬ್ಬಿಸದಂಥದ್ದು. ಅದೇ ಕಾರಣಕ್ಕೆ ಆ ಉಂಗುರವನ್ನು ಥಿನ್ನರ್‌ನಲ್ಲಿ ತೊಳೆಯಬಾರದು.

ಎಷ್ಟು ಹಾಕಬೇಕು? ‘ಜಾಸ್ತಿ ಹಾಕಿದರೆ ಒಳ್ಳೆಯದೇ’ ಎನ್ನುವ ಕೈಯೇ ಇಲ್ಲಿ ಕೈ ಕೊಡುವುದು. ಜಪಾನಿನ ಮಕಿತಾ ಕಂಪನಿಯ ಕೆಲವು ದೊಡ್ಡ ಹ್ಯಾಮರ್‌ಗಳ ಕೈಪಿಡಿಯಲ್ಲಿ ಕ್ರ್ಯಾಂಕ್ ಗೂಡಿಗೆ ಸುಮಾರು 30 ಗ್ರಾಂ ಎಂದು ತೂಕವನ್ನೇ ಕೊಟ್ಟು, ಅದಕ್ಕಿಂತ ಹೆಚ್ಚಾದರೆ ಬಡಿತ ಕೆಡುತ್ತದೆ, ಯಂತ್ರವೇ ಕೆಡಬಹುದು ಎಂದು ಎಚ್ಚರಿಸಿದ್ದಾರೆ. ಗಾಳಿ ಕುಗ್ಗುತ್ತದೆ, ಗ್ರೀಸ್ ಕುಗ್ಗುವುದಿಲ್ಲ. ಗಾಳಿಯ ಜಾಗದಲ್ಲಿ ಗ್ರೀಸ್ ತುಂಬಿದರೆ ಪೆಟ್ಲಿನ ಅಂಡೆಗೆ ಹಿಟ್ಟು ತುಂಬಿದಂತೆ. ಮಿಕ್ಕಿದ್ದು ಕಡೆದು ಕಡೆದು ಬಿಸಿಯಾಗಿ, ತೆಳ್ಳಗಾಗಿ, ಸಂದಿ ಹುಡುಕಿಕೊಂಡು ಮೋಟರಿನ ಕಡೆ ಹರಿಯುತ್ತದೆ. ಅಲ್ಲಿ ಕಾರ್ಬನ್ ಬ್ರಷ್ ಪುಡಿಯ ಜೊತೆ ಸೇರಿ ಕಪ್ಪು ಅಂಟಾಗಿ ಕೂತರೆ ಕಿಡಿ ಹಾರುತ್ತದೆ, ಕೊನೆಗೆ ಆರ್ಮೇಚರ್ ಸುಡುತ್ತದೆ. ಕಡಿಮೆ ಹಾಕಿದವರ ಯಂತ್ರವೂ ಸಾಯುತ್ತದೆ, ಆದರೆ ಅರಚಿಕೊಂಡು, ಮುನ್ಸೂಚನೆ ಕೊಟ್ಟು ಸಾಯುತ್ತದೆ. ಹೆಚ್ಚು ಹಾಕಿದವರದ್ದು ಮೌನವಾಗಿ.

ದಿನದ ಕೆಲಸದಲ್ಲಿ ಬಳಕೆದಾರನ ಪಾಲಿನ ಗ್ರೀಸ್ ಬೇರೆಯೇ ಇದೆ. ರೋಟರಿ ಹ್ಯಾಮರಿನ ಬಿಟ್ ಬುಡ ಎಸ್‌ಡಿಎಸ್ ಎಂಬ ಮಾದರಿಯದು, 1970ರ ದಶಕದಲ್ಲಿ ಬಂದದ್ದು. ಆ ಅಕ್ಷರಗಳ ಹಿಂದಿನ ಜರ್ಮನ್ ಪದಗಳನ್ನು ಕನ್ನಡಕ್ಕೆ ತಂದರೆ ‘ಸಿಕ್ಕಿಸು, ತಿರುಗಿಸು, ಕೂತಿತು’. 10 ಮಿ.ಮೀ. ದಪ್ಪದ ಆ ಬುಡದಲ್ಲಿ ನಾಲ್ಕು ಗೀರುಗಳಿವೆ. ತುದಿಯವರೆಗೆ ತೆರೆದ ಎರಡು ಗೀರು ಬಿಟ್ಟನ್ನು ತಿರುಗಿಸಲಿಕ್ಕೆ. ಎರಡೂ ಕಡೆ ಮುಚ್ಚಿದ ಇನ್ನೆರಡರಲ್ಲಿ ಉಕ್ಕಿನ ಗೋಲಿ ಕೂತು ಬಿಟ್ ಬಿದ್ದುಹೋಗದಂತೆ ತಡೆಯುತ್ತದೆ. ಬಿಟ್ ಗಟ್ಟಿಯಾಗಿ ಕಚ್ಚಿಕೊಂಡಿರುವುದಿಲ್ಲ, ಹಿಡಿದು ಎಳೆದರೆ ಮುಂದೆ ಹಿಂದೆ ಜಾರುತ್ತದೆ. ಹೊಸಬರು ಇದನ್ನು ಸಡಿಲವೆಂದು ತಿಳಿದು ಗಾಬರಿಯಾಗುತ್ತಾರೆ. ಜಾರಬೇಕಾದದ್ದೇ, ಪೆಟ್ಟು ಬಿದ್ದಾಗ ಜಿಗಿಯಲು ಬಿಟ್ ಬಿಡಿಯಾಗಿರಬೇಕು. ಸೆಕೆಂಡಿಗೆ 66 ಸಲ ಉಕ್ಕಿನ ಮೇಲೆ ಉಕ್ಕು ಜಾರುವ ಈ ಜಾಗಕ್ಕೆ ಪ್ರತಿ ಸಲ ಬಿಟ್ ಹಾಕುವ ಮುನ್ನ ಬೆರಳ ತುದಿಯಷ್ಟು ಗ್ರೀಸ್ ಸವರಬೇಕು. ಅದಕ್ಕೂ ಮೊದಲು ಬುಡವನ್ನು ಬಟ್ಟೆಯಲ್ಲಿ ಒರೆಸಬೇಕು. ಕಾಂಕ್ರೀಟ್ ಪುಡಿ ಮತ್ತು ಗ್ರೀಸ್ ಸೇರಿದರೆ ಅದು ಸಾಣೆ ಹಿಡಿಯುವ ಅಂಟು. ಮೂತಿಯ ಕೊಳವೆಯನ್ನು ಒಳಗಿನಿಂದ ತಿಂದು ಅಗಲ ಮಾಡುತ್ತದೆ. ಚಕ್ ಇರುವ ಇಂಪ್ಯಾಕ್ಟ್ ಡ್ರಿಲ್‌ಗೆ ಮಾತ್ರ ಈ ಉಪಚಾರ ಸಲ್ಲದು. ಅಲ್ಲಿ ದವಡೆ ಬಿಗಿಯಾಗಿ ಕಚ್ಚಬೇಕು, ಬುಡ ಒಣಗಿರಬೇಕು.

ಇನ್ನು ಕಾರ್ಬನ್ ಬ್ರಷ್. ಪೆನ್ಸಿಲ್ ತುಂಡಿನಂಥ ಈ ಎರಡು ಕಡ್ಡಿಗಳು ಸವೆಯುವುದಕ್ಕೆಂದೇ ಇರುವಂಥವು. ಮೋಟರ್ ಆಗಾಗ ನಿಂತು ಹೊರಟರೆ, ಒಳಗೆ ಕಿಡಿ ಜೋರಾಗಿ ಕಂಡರೆ ಅವುಗಳ ಸರದಿ ಮುಗಿದಿದೆ ಎಂದರ್ಥ. ಒಂದನ್ನೇ ಬದಲಿಸಿ ದುಡ್ಡು ಉಳಿಸುವ ಪ್ರಯತ್ನ ಬೇಡ. ಎತ್ತು ಕಟ್ಟುವಾಗ ನೋಡುವ ಜೋಡಿ ಇಲ್ಲೂ ಬೇಕು.

ಯಂತ್ರದ ಆರೈಕೆ ಇಷ್ಟು. ಹಿಡಿದವನ ಆರೈಕೆಗೆ ಬಂದರೆ ಲೇನರ್‌ನ ಕತೆಯ ಉಳಿದರ್ಧವನ್ನು ಹೇಳಬೇಕಾಗುತ್ತದೆ.

ತೂತಿನೊಳಗಿನ ಪುಡಿ ಹೊರಹಾಕಲು ಅವನು ಮೊದಲು ಟೊಳ್ಳು ಸಲಾಕೆಯ ಮೂಲಕ ಗಾಳಿ ಊದಿಸಿದ. ಪುಡಿ ಚೆನ್ನಾಗಿ ಹೊರಬಂತು, ನೇರವಾಗಿ ಗಣಿಗಾರನ ಮೂಗಿಗೆ. ಗಣಿಗಾರರೇ ಅದನ್ನು ಬೇಡವೆಂದರು. ಲೇನರ್ ವಿನ್ಯಾಸ ಬದಲಿಸಿ ಗಾಳಿಯ ಜೊತೆಗೆ ನೀರು ಹರಿಸಿದ. ನೀರಿಲ್ಲದೆ ಓಡುವ ಡ್ರಿಲ್‌ಗಳಿಗೆ ಅಮೆರಿಕದ ಗಣಿಗಳಲ್ಲಿ ‘ವಿಧವೆಯರನ್ನು ಮಾಡುವ ಯಂತ್ರ’ ಎಂಬ ಹೆಸರು ಅಂಟಿಕೊಂಡಿತು. ಕಲ್ಲಿನ ನುಣ್ಣನೆಯ ಪುಡಿಯಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತು ಗಾಯ ಮಾಡಿ ಗಟ್ಟಿಯಾಗಿಸುತ್ತದೆ. ಈ ಸಿಲಿಕೋಸಿಸ್ ಕಾಯಿಲೆ ನಮ್ಮ ನಾಡಿಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಅದು ಎಷ್ಟು ಹರಡಿತ್ತೆಂದರೆ ಮೈಸೂರು ಸರ್ಕಾರ 1940ರಲ್ಲೇ ಸಿಲಿಕೋಸಿಸ್ ನಿಯಮಗಳನ್ನು ತಂದಿತ್ತು. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಸಿಲಿಕಾ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಕಾಂಕ್ರೀಟಿನಲ್ಲಿರುವ ಮರಳು, ಜಲ್ಲಿ ಎರಡರಲ್ಲೂ ಅದೇ ಸಿಲಿಕಾ. ಕ್ಯಾಲೆಂಡರ್ ಮೊಳೆಗೆ ಒಂದು ತೂತು ಹೊಡೆದವರು ಹೆದರಬೇಕಿಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ದಿನಕ್ಕೆ ಐವತ್ತು ತೂತು ಹೊಡೆಯುವ ಎಲೆಕ್ಟ್ರಿಷಿಯನ್, ಫಾಲ್ಸ್ ಸೀಲಿಂಗ್ ಕೆಲಸಗಾರ, ಎ.ಸಿ. ಕೂರಿಸುವ ಹುಡುಗ ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಕರವಸ್ತ್ರ ಹಿಡಿಯುವುದು ಕಣ್ಣಿಗೆ ಕಾಣುವ ಧೂಳನ್ನು, ಕೊಲ್ಲುವುದು ಕಾಣದ್ದು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಎನ್-95 ಮುಖಗವಸು ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ತೂತಿನ ಬಾಯಿಗೇ ವ್ಯಾಕ್ಯೂಮ್ ಹಿಡಿಯುವುದು ಇನ್ನೂ ಒಳ್ಳೆಯದು. ನೀರು ಹಾಕಿ ಧೂಳು ಕಟ್ಟುವ ಗಣಿಯ ಉಪಾಯವನ್ನು ಮಾತ್ರ ಕೈಯಲ್ಲಿ ಕರೆಂಟಿನ ಯಂತ್ರ ಹಿಡಿದವರು ಅನುಕರಿಸಬಾರದು.

ಕೈಗೆ ಬರುವ ಕಾಯಿಲೆ ಇನ್ನೊಂದು. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಸುಣ್ಣಕಲ್ಲು ಕೆಲಸಗಾರರನ್ನು ಪರೀಕ್ಷಿಸಿದರು. ಗಾಳಿ ಸುತ್ತಿಗೆ ಹಿಡಿದವರ ಬೆರಳುಗಳು ಚಳಿಗೆ ಬೆಳ್ಳಗಾಗಿ ಮರಗಟ್ಟುತ್ತಿದ್ದವು. ಕಂಪನದಿಂದ ಬೆರಳಿನ ರಕ್ತನಾಳ, ನರಗಳು ಕೆಡುವುದೇ ಕಾರಣ. ಯುರೋಪಿನ ನಿಯಮದ ಲೆಕ್ಕಾಚಾರದಲ್ಲಿ, ಸೆಕೆಂಡ್ ವರ್ಗಕ್ಕೆ 15 ಮೀಟರ್ ಕಂಪನವಿರುವ ಹ್ಯಾಮರನ್ನು ದಿನಕ್ಕೆ 13 ನಿಮಿಷ ಹಿಡಿದರೆ ಎಚ್ಚರಿಕೆಯ ಗೆರೆ ಮುಟ್ಟುತ್ತದೆ, 53 ನಿಮಿಷಕ್ಕೆ ಮಿತಿ ಮುಗಿಯುತ್ತದೆ. ಸ್ವಿಚ್ ಒತ್ತಿ ಹಿಡಿದ ನಿಮಿಷಗಳ ಲೆಕ್ಕವಿದು, ಇಡೀ ದಿನದ ಕೆಲಸದ್ದಲ್ಲ. ಆದರೂ ಕಲ್ಲಂಗಡಿ ಹಣ್ಣಿನಂತೆ ಗೋಡೆ ಸೀಳಿ ಪೈಪಿನ ದಾರಿ ತೋಡುವವರಿಗೆ 53 ನಿಮಿಷ ಎಂದರೆ ಬೆಳಗಿನ ಟೀ ಹೊತ್ತಿಗೇ ಮುಗಿದುಹೋಗುವ ಕೋಟಾ.

ಹಠಾತ್ ಅಪಾಯಗಳಲ್ಲಿ ಮೊದಲನೆಯದು ಕಂಬಿ. ಸ್ಲ್ಯಾಬಿನಲ್ಲಿ ಕಂಬಿ ಇರುವುದು ಮೇಲ್ಮೈಯಿಂದ ಸುಮಾರು 20 ಮಿ.ಮೀ. ಒಳಗೆ. ಬಿಟ್ ಅದಕ್ಕೆ ಕಚ್ಚಿಕೊಂಡು ನಿಂತರೆ, ತಿರುಗುವ ಸರದಿ ಯಂತ್ರದ್ದು, ಅದನ್ನು ಹಿಡಿದವನ ಮಣಿಕಟ್ಟಿನದ್ದು. ಒಳಗೊಂದು ಜಾರುವ ಕ್ಲಚ್ ಇದ್ದು ‘ಕಟಕಟ’ ಎಂದು ಬಿಟ್ಟುಕೊಡುತ್ತದೆ, ಆದರೆ ಏಣಿಯ ಮೇಲೆ ಒಂಟಿ ಕೈಯಲ್ಲಿ ಹಿಡಿದವನನ್ನು ಉಳಿಸುವಷ್ಟು ಬೇಗ ಬಿಡುತ್ತದೆಂಬ ಭರವಸೆಯಿಲ್ಲ. ಪಕ್ಕದ ಹಿಡಿ ಇರುವುದು ಇದಕ್ಕೇ. ಪೆಟ್ಟಿಗೆಯಲ್ಲೇ ಉಳಿದುಹೋಗುವ ಭಾಗವೂ ಅದೇ. ಸ್ವಿಚ್ಚನ್ನು ಒತ್ತಿದಲ್ಲೇ ಹಿಡಿದಿಡುವ ಲಾಕ್ ಗುಂಡಿಯನ್ನು ತೂತು ಹೊಡೆಯುವಾಗ ಮುಟ್ಟದಿರುವುದೇ ವಾಸಿ. ಸಿಕ್ಕಿಕೊಂಡ ಯಂತ್ರ ತಾನಾಗಿ ನಿಲ್ಲದು. ಲುಂಗಿಯ ತುದಿ, ದುಪಟ್ಟಾ, ಬಿಟ್ಟ ಕೂದಲು ಇವೆಲ್ಲ ಬಿಟ್‌ಗೆ ಹಗ್ಗವಿದ್ದಂತೆ.

ಎರಡನೆಯದು ಗೋಡೆಯೊಳಗಿನ ವಯರ್. ಸ್ವಿಚ್ ಬೋರ್ಡಿನಿಂದ ಪೈಪು ಸಾಮಾನ್ಯವಾಗಿ ನೇರ ಮೇಲಕ್ಕೋ ಕೆಳಕ್ಕೋ ಹೋಗಿರುತ್ತದೆ. ಹಾಗಾಗಿ ಬೋರ್ಡಿನ ನೇರಕ್ಕೆ ಮೇಲೂ ಕೆಳಗೂ ತೂತು ಹೊಡೆಯಬಾರದು. ಬಚ್ಚಲಲ್ಲಿ ನಲ್ಲಿಯ ನೇರವೂ ಅಷ್ಟೇ ಅಪಾಯದ್ದು. ಯಂತ್ರದ ಮೈಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಎರಡು ಪದರದ ರಕ್ಷಣೆ ಇದೆಯೆಂದರ್ಥ, ಅರ್ಥ್ ಪಿನ್ ಇಲ್ಲದಿರುವುದು ಅದಕ್ಕೇ. ಆದರೆ ಆ ರಕ್ಷಣೆ ಮೋಟರಿನ ಕರೆಂಟಿನಿಂದ. ಬಿಟ್ ಗೋಡೆಯ ವಯರನ್ನು ಚುಚ್ಚಿದರೆ ಮೂತಿಯ ಲೋಹದಲ್ಲೂ ಕರೆಂಟ್ ಹರಿಯುತ್ತದೆ. ಯಂತ್ರದ ಕುತ್ತಿಗೆ ಹಿಡಿಯದೆ ಪ್ಲಾಸ್ಟಿಕ್, ರಬ್ಬರ್ ಹಿಡಿಗಳಲ್ಲೇ ಕೈಯಿಡಬೇಕು ಎನ್ನುವುದು ಆ ಕಾರಣಕ್ಕೆ. ಮನೆಯ ಮೀಟರ್ ಪೆಟ್ಟಿಗೆಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇದ್ದರೆ ಅದು ಕೊನೆಯ ಆಸರೆ.

ಇಷ್ಟೆಲ್ಲ ತಿಳಿದೂ ಹೊಡೆಯಲೇಬಾರದ ಗೋಡೆಗಳಿವೆ. ಕರಾವಳಿಯ ಕೆಂಪುಕಲ್ಲು, ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳ ಹಗುರ ಎಎಸಿ ಬ್ಲಾಕ್, ಟೊಳ್ಳು ಇಟ್ಟಿಗೆ ಇವಕ್ಕೆಲ್ಲ ಬಡಿತ ನಿಲ್ಲಿಸಿ ಬರೀ ತಿರುಗಿಸಿದರೆ ಸಾಕು. ಬಡಿದರೆ 8 ಮಿ.ಮೀ. ತೂತು 12 ಆಗಿ, ಪ್ಲಗ್ ಲೊಡಲೊಡ ಅಲುಗುತ್ತದೆ. ಟೈಲ್ಸ್‌ಗೂ ಇದೇ ಮಾತು: ಮೇಲಿನ ಹೊಳಪು ಪದರ ದಾಟುವವರೆಗೆ ನಿಧಾನ ತಿರುವು, ಹಿಂದಿನ ಕಾಂಕ್ರೀಟ್ ಸಿಕ್ಕ ಮೇಲೆ ಬಡಿತ. ಬಡಿತದ ಗುಂಡಿ ಬದಲಿಸುವಾಗ ಯಂತ್ರ ಪೂರ್ತಿ ನಿಂತಿರಬೇಕು, ಓಡುತ್ತಿರುವಾಗ ತಿರುವಿದರೆ ಗೇರಿನ ಹಲ್ಲು ಉದುರುತ್ತದೆ. ಬಿಟ್‌ನ ತುದಿಯಲ್ಲಿರುವ ಟಂಗ್‌ಸ್ಟನ್ ಕಾರ್ಬೈಡ್ ತುಂಡು ಕೆಂಪಗೆ ಕಾದರೂ ನೀರಿಗೆ ಅದ್ದಬಾರದು, ಒಡಲು ಸೀಳುತ್ತದೆ. ಬಲ್ಬಿನ ಫಿಲಮೆಂಟ್ ಎಳೆಯಲು ವಜ್ರಕ್ಕೆ ಬದಲಿ ಹುಡುಕುತ್ತ ಜರ್ಮನಿಯ ಓಸ್ರಾಮ್ ಕಂಪನಿಯಲ್ಲಿ 1920ರ ದಶಕದಲ್ಲಿ ಹುಟ್ಟಿದ ವಸ್ತು ಅದು. ಹೊಡೆತ ತಾಳುತ್ತದೆ, ಹಠಾತ್ ತಂಪು ತಾಳದು.

ರಿಪೇರಿ ಅಂಗಡಿಯ ಮೇಜಿನ ಮೇಲೆ ಹೊಸ ಉಂಗುರ ಕೂತಿದೆ. ಮೆಕ್ಯಾನಿಕ್ ಅದಕ್ಕೆ ಬೆರಳ ತುದಿಯಲ್ಲಿ ಗ್ರೀಸ್ ಸವರಿ, ಸ್ಟ್ರೈಕರನ್ನು ಸಿಲಿಂಡರಿಗೆ ಇಳಿಸಿ, ಹಿಂದಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಎಳೆದು ನೋಡುತ್ತಾನೆ. ಹೆಬ್ಬೆರಳು ಬಿಟ್ಟಾಗ ‘ಪಕ್’ ಎಂದು ಸದ್ದಾಗುತ್ತದೆ. ಗಾಳಿ ನಿಂತಿದೆ. ಸ್ಕ್ರೂ ಬಿಗಿದು, ಬಿಟ್ ಹಾಕಿ, ಅಂಗಡಿಯ ಮೆಟ್ಟಿಲ ಪಕ್ಕದ ಕಲ್ಲಿನತ್ತ ಬಾಗುತ್ತಾನೆ. ಈವರೆಗೆ ರಿಪೇರಿಯಾದ ಯಂತ್ರಗಳೆಲ್ಲ ತಮ್ಮ ಗುರುತು ಬಿಟ್ಟುಹೋದ, ಜೇನುಗೂಡಿನಂತಾದ ಗ್ರ್ಯಾನೈಟ್ ಚಪ್ಪಡಿ ಅದು. ಅವನು ಖಾಲಿ ಜಾಗವೊಂದನ್ನು ಹುಡುಕಿ, ತುಸುವೇ ಒತ್ತುತ್ತಾನೆ.